ಬಟಾಣಿಯ ಹಣೆಯ ಉಪ್ಪು

ಜನವರಿ ೧೮

ಅಕ್ಕಾ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ, ಸುದ್ದಿ ಆಮೇಲೆ. ರಜೆಗೆ ಬಂದವಳು ಅಪ್ಪನ ಹೆಬ್ಬೆರಳಿನ ಉಗುರು ನೋಡಿ ಶ್ವಾಸಕೋಶದ ಕಾಯಿಲೆ ಎಂದದ್ದು, ಅವರು ಎರಡು ದಿನ ಕೆಲಸ ಬಿಟ್ಟು ಎಕ್ಸ್‌ರೇಗೆ ಅಲೆದದ್ದು, ಕೊನೆಗೆ ಡಾಕ್ಟರು "ಇದು ಸುತ್ತಿಗೆ ಏಟು ಕಣಮ್ಮಾ, ಮೂವತ್ತು ವರ್ಷದ್ದು" ಎಂದು ನಕ್ಕದ್ದು, ಎಲ್ಲ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸೀನಿಯರ್ ಒಬ್ಬಳ ಪುಸ್ತಕದಲ್ಲಿ ಉಬ್ಬಿದ ಉಗುರಿನ ಚಿತ್ರವಿತ್ತು. ಅಪ್ಪನ ಉಗುರು ಥೇಟ್ ಹಾಗೇ ಕಂಡಿತು. ಬಡಗಿಯ ಮಗಳಿಗೆ ಸುತ್ತಿಗೆಯೇ ನೆನಪಾಗಲಿಲ್ಲ. ಹತ್ತು ವರ್ಷಕ್ಕೇ ಹಾಸ್ಟೆಲಿಗೆ ಹೋದರೆ ಹೀಗೇ ಆಗುತ್ತದೆ ಎಂದು ನೀನು ಅಂದುಕೊಂಡಿರುತ್ತೀಯ.

ಇಲ್ಲಿ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಮೊದಲ ವರ್ಷದವರ ಮೊಬೈಲುಗಳನ್ನು ವಾರ್ಡನ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಭಾನುವಾರ ಅರ್ಧ ಗಂಟೆ ಮಾತ್ರ ಕೈಗೆ ಕೊಡುತ್ತಾರೆ. ಅದರಲ್ಲೂ ಹಿಂದೆ ಮುಂದೆ ಹತ್ತು ಜನ. ಅದಕ್ಕೇ ಕಾಗದ.

ಫಿಸಿಯಾಲಜಿಯ ಮೊದಲ ಪ್ರಾಕ್ಟಿಕಲ್ ಆಯಿತು. ಒಂದು ಹನಿ ರಕ್ತವನ್ನು ಉಪ್ಪುನೀರಿಗೆ ಹಾಕಿ ಕೋಶಗಳನ್ನು ಎಣಿಸಬೇಕಿತ್ತು. ಗಡಿಬಿಡಿಯಲ್ಲಿ ಪಕ್ಕದ ಬಾಟಲಿ ಎತ್ತಿಕೊಂಡೆ, ಅದು ಬಟ್ಟಿ ಇಳಿಸಿದ ಬರಿ ನೀರು. ಮೈಕ್ರೋಸ್ಕೋಪಿನಲ್ಲಿ ಒಂದಾದರೂ ಕೋಶ ಕಂಡರೆ ಕೇಳು. ಎಲ್ಲ ನೀರು ಕುಡಿದು ಉಬ್ಬಿ ಒಡೆದುಹೋಗಿದ್ದವು. ಮೇಡಂ ಬಗ್ಗಿ ನೋಡಿ, "ಐದು ಸೆಕೆಂಡಲ್ಲಿ ಊರಿಗೆ ಊರೇ ಮುಳುಗಿಸಿದೆಯಲ್ಲಮ್ಮಾ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ತಡವಾಗಿ.

ಕೋಶದ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇಡೀ ತಿಂಗಳು ಇದೇ ಪಾಠ.

ನಿನ್ನ ಮಗರಾಯ ಬಟಾಣಿ ಹೇಗಿದ್ದಾನೆ? ಏಳು ತಿಂಗಳಾಯಿತಲ್ಲವೇ?

ನಿನ್ನ
ಪಿಟೀಲು

ಜನವರಿ ೩೦

ಪಿಟೀಲು,

ನಿನ್ನ ಕಾಗದ ಮೊನ್ನೆ ಬಂತು. ಎಂದಿನ ಹಾಗೆ ಅಪ್ಪ ಕೆಳಗೆ ವರ್ಕ್‌ಶಾಪಿನಲ್ಲೇ ಉಳಿಯಿಂದ ಕವರು ಸೀಳಿ, ಒಳಗಿನದನ್ನು ಮೇಲೆ ಮನೆಗೆ, ನನಗೆ ಕಳಿಸಿದರು. ಉಗುರಿನ ಭಾಗ ಅವರಿಗೆ ಓದಿ ಹೇಳಿದೆ. ಅವರೀಗ ಬಂದವರಿಗೆಲ್ಲ ಹೆಬ್ಬೆರಳು ತೋರಿಸಿ "ನಮ್ಮ ಸುತ್ತಿಗೆ ಡಾಕ್ಟ್ರು ಕಂಡುಹಿಡಿದಿದ್ದು" ಅನ್ನುತ್ತಾರೆ. ಬೇಜಾರಿಲ್ಲ, ಮಜಾ ತಗೊಳ್ಳುತ್ತಿದ್ದಾರೆ. ನೀನೂ ಬೇಜಾರು ಮಾಡಿಕೊಳ್ಳಬೇಡ. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದೆ ಅಂತ ನಿನಗೆ ಪಿಟೀಲು ಅಂತ ಹೆಸರಿಟ್ಟವರು ಅವರೇ. ಅದಕ್ಕಿಂತ ಇದು ವಾಸಿ.

ಬಟಾಣಿ ಕೂತುಕೊಳ್ಳುತ್ತಾನೆ. ಸದ್ದು ಮಾಡಿದ ಕಡೆ ತಿರುಗುತ್ತಾನೆ. ಇಬ್ಬರು ತಿನ್ನುವಷ್ಟು ತಿನ್ನುತ್ತಾನೆ, ಮೈಗೆ ಮಾತ್ರ ಹತ್ತುವುದಿಲ್ಲ. ತೂಕ ಹೋದ ತಿಂಗಳಿನದೇ. ಅವನು ಕಕ್ಕ ಮಾಡಿದ ಬಟ್ಟೆ ಒಗೆಯುವುದೇ ಒಂದು ಕೆಲಸ, ಎಣ್ಣೆ ಚೆಲ್ಲಿದ ಹಾಗೆ ಜಿಡ್ಡು, ಎರಡು ಸಲ ಸೋಪು ಹಾಕಬೇಕು. ಕೆಮ್ಮು ಬಿಟ್ಟಿಲ್ಲ. ಅಮ್ಮ "ಹಲ್ಲು ಬರೋವಾಗ ಎಲ್ಲಾ ಹೀಗೇನೇ, ನೀನೂ ಹೀಗೇ ಇದ್ದೆ" ಅನ್ನುತ್ತಾಳೆ. ಬೀದಿ ಡಾಕ್ಟರು ಜೀರ್ಣಕ್ಕೆ ಒಂದು, ಕೆಮ್ಮಿಗೆ ಒಂದು ಬಾಟಲಿ ಕೊಟ್ಟಿದ್ದಾರೆ. ನಿನ್ನ ಭಾವ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದ ದಿನ ಅವನನ್ನು ಎತ್ತಿಕೊಂಡು ಹಣೆಗೆ ಮುತ್ತಿಟ್ಟು, "ಇವನೇನೇ ಉಪ್ಪುಪ್ಪು! ಯಾವ ಸಮುದ್ರದಿಂದ ಹಿಡ್ಕೊಂಡು ಬಂದೆ?" ಅಂತ ತಮಾಷೆ ಮಾಡುತ್ತಾರೆ. ನಿಜ, ಬೆವರಿ ಒಣಗಿದರೆ ಕಿವಿಯ ಹಿಂದೆ ಬೆಳ್ಳಗೆ ಪುಡಿ ಇರುತ್ತದೆ.

ಇದೆಲ್ಲ ಬರೆದದ್ದು ನೀನು ಕೇಳಿದೆ ಅಂತ. ಡಾಕ್ಟರಿಕೆ ಮಾಡು ಅಂತಲ್ಲ. ಓದಿಕೋ, ಊಟ ಮಾಡು.

ಇನ್ನೊಂದು. ಸ್ಕೂಲಿನಿಂದ ನೀನು ಬರೆಯುತ್ತಿದ್ದ ಕಾಗದಗಳಲ್ಲಿ "ಊಟ ಚೆನ್ನಾಗಿದೆ, ನಾನು ಚೆನ್ನಾಗಿದ್ದೇನೆ" ಬಿಟ್ಟರೆ ಏನೂ ಇರುತ್ತಿರಲಿಲ್ಲ. ಈ ಕಾಗದದಲ್ಲಿ ನೀನು ಇದ್ದೀಯ.

ಅಕ್ಕ

ಫೆಬ್ರವರಿ ೧೪

ಅಕ್ಕಾ,

ಸ್ಕೂಲಿನ ಕಾಗದಗಳನ್ನು ವಾರ್ಡನ್ ಓದುತ್ತಿದ್ದರು. ಕವರನ್ನು ಅಂಟಿಸದೆ ಕೊಡಬೇಕಿತ್ತು. ಅದು ನಿನಗೂ ಗೊತ್ತು.

ನಿನ್ನೆ ವೈವಾ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ಸಕ್ಕರೆ ಕೋಶದೊಳಗೆ ಹೇಗೆ ಹೋಗುತ್ತದೆ? ಉತ್ತರ ಬಾಯಿತುದಿಯಲ್ಲಿತ್ತು. ನನಗೆ ಉತ್ತರ ಬರುವುದು ಇಂಗ್ಲಿಷಿನಲ್ಲಿ, ಹೆದರಿಕೆ ಬರುವುದು ಕನ್ನಡದಲ್ಲಿ. ಎರಡೂ ಒಟ್ಟಿಗೆ ಬಂದು ಒಂದಕ್ಕೊಂದು ಅಡ್ಡ ನಿಂತವು. "ಗೊತ್ತಿದೆ, ಹೇಳೋದಿಲ್ಲ. ಇದು ಯಾವ ಕಾಯಿಲೆ?" ಎಂದರು ಮೇಡಂ. ನನ್ನ ರೂಂಮೇಟ್ ಹೊರಗೆ ಬಂದ ಮೇಲೆ, "ನಿನ್ನನ್ನ ಸ್ಲೈಡಿನ ಮೇಲೆ ಹಾಕಿದರೂ ಏನೂ ಕಾಣಲ್ಲ ಬಿಡು" ಎಂದಳು.

ನಿನಗೆ ಹೇಳಿ ನೋಡುತ್ತೇನೆ, ಹೇಳಿದರೆ ನೆನಪುಳಿಯುತ್ತದೆ. ಪ್ರತಿ ಜೀವಕೋಶಕ್ಕೂ ಎಣ್ಣೆಯ ಎರಡು ಪದರದ ತೆಳು ಪೊರೆ. ಗಾಳಿಯಂಥವು ತಾವೇ ನುಸುಳಿ ಹೋಗುತ್ತವೆ. ಸಕ್ಕರೆಗೆ ದಾಟಿಸುವ ಪ್ರೋಟೀನ್ ಬೇಕು: ಅದು ಹೊರಗೆ ಬಾಯಿ ತೆರೆದು ಹಿಡಿದುಕೊಂಡು, ಒಳಗೆ ಬಾಯಿ ತೆರೆದು ಬಿಡುತ್ತದೆ. ಉಪ್ಪಿಗೆ ಅದರದೇ ಬಾಗಿಲು, ಒಂದೊಂದು ಭಾಗಕ್ಕೂ ಬೇರೆ. ಇಳಿಜಾರಿನಲ್ಲಿ ಹೋಗುವುದಕ್ಕೆ ಖರ್ಚಿಲ್ಲ, ಏರಿನಲ್ಲಿ ಕಳಿಸಬೇಕಾದರೆ ಪಂಪು ದುಡಿಯಬೇಕು.

ನನಗೆ ಇಷ್ಟವಾದದ್ದು ಇನ್ನೊಂದು. ಕೆಲವು ಸುದ್ದಿಗಳು ಒಳಗೆ ಹೋಗುವುದೇ ಇಲ್ಲ. ಹೆದರಿದಾಗ ರಕ್ತದಲ್ಲಿ ಓಡುವ ಹಾರ್ಮೋನು ಪೊರೆಯ ಹೊರಗೆ ನಿಂತು ರಿಸೆಪ್ಟರ್ ಎಂಬುದನ್ನು ಮುಟ್ಟುತ್ತದೆ, ಅಷ್ಟೇ. ಮುಟ್ಟಿದ್ದಕ್ಕೆ ಒಳಗೆ ಬೇರೊಬ್ಬ ಎದ್ದು ಓಡುತ್ತಾನೆ, ಅವನು ಇನ್ನೊಬ್ಬನನ್ನು ಎಬ್ಬಿಸುತ್ತಾನೆ, ಕೊನೆಗೆ ಎಲ್ಲೋ ಒಂದು ಬಾಗಿಲು ತೆರೆಯುತ್ತದೆ. ರಿಸೆಪ್ಟರೇ ಇಲ್ಲದಿದ್ದರೆ? ಹೊರಗಿನವನು ಎಷ್ಟು ಕೂಗಿದರೂ ಒಳಗೆ ಏನೂ ಆಗುವುದಿಲ್ಲ. ಒಳಗಿರುವವರದು ತಪ್ಪೂ ಅಲ್ಲ.

ಅಪ್ಪನನ್ನು ಕೇಳು, ನಾನು ಬಾಗಿಲು ಬಾಗಿಲು ಎಂದು ಬರೆಯುತ್ತಿರುವುದು ಸರಿಯೇ ಎಂದು.

ನಿನ್ನ
ಪಿಟೀಲು

ಫೆಬ್ರವರಿ ೨೨

ಚಿ. ಪಿಟೀಲಿಗೆ ಅಪ್ಪನ ಆಶೀರ್ವಾದ.

ಕಾಗದ ಸಿಗಲಿಲ್ಲ, ನಿನ್ನದೇ ಕವರಿನ ಹಿಂದೆ ಬರೆಯುತ್ತಿದ್ದೇನೆ. ಮೂಲೆಯಲ್ಲಿರುವ ಎಂಬತ್ತನಾಲ್ಕು, ಮೂವತ್ತಾರು ಎಂಬ ಅಂಕಿ ನಿನಗಲ್ಲ, ಶಾಲೆಯೊಂದರ ಬಾಗಿಲಿನ ಅಳತೆ. ಅಳತೆ ಬರೆದುಕೊಳ್ಳುವುದಕ್ಕೆ ನಿನ್ನ ಕವರಿನಷ್ಟು ಗಟ್ಟಿ ಕಾಗದ ಬೇರೆ ಇಲ್ಲ. ನೀನು ಸ್ಕೂಲಿಗೆ ಹೋದಾಗಿನಿಂದ ಎಲ್ಲ ಮೊಳೆಗೆ ಚುಚ್ಚಿಟ್ಟಿದ್ದೇನೆ. ಹಳೆ ಗಿರಾಕಿ ಬಂದರೆ ತೆಗೆದು ನೋಡುತ್ತೇನೆ.

ಬಾಗಿಲಿನ ವಿಷಯ. ಜನ ಬಾಗಿಲು ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಮನೆಯವರೆಗೆ ಹೋಗಬೇಕು, ಚೌಕಟ್ಟಿನಲ್ಲಿ ಕೂರಬೇಕು, ಕೀಲು ತಿರುಗಬೇಕು, ಚಿಲಕ ತೆಗೆಯುವವರು ಇರಬೇಕು. ಎಲ್ಲಾದರೂ ಒಂದು ಕಡೆ ತಪ್ಪಿದರೆ ಅದು ಬಾಗಿಲಲ್ಲ, ಹಲಗೆ. ಕೂಲಿಯವನು ಮಾಡಿದ್ದು ವಾರೆ ಬಂದರೆ ನಾನು ಅಂಗಡಿ ದಾಟಿಸುವುದಿಲ್ಲ. ಅಲ್ಲೇ ಒಡೆದು ಸೌದೆಗೆ ಹಾಕುತ್ತೇನೆ. ನಿನ್ನ ಪುಸ್ತಕದಲ್ಲಿ ಇದೆಯೋ ಇಲ್ಲವೋ ನೋಡು.

ಕೆಮ್ಮು ಇಲ್ಲ. ಉಗುರು ಆರೋಗ್ಯವಾಗಿದೆ.

ಇಂತಿ,
ಅಪ್ಪ

ಮಾರ್ಚ್ ೬

ಅಕ್ಕಾ,

ಅಪ್ಪ ಹೇಳಿದ್ದು ಪುಸ್ತಕದಲ್ಲಿದೆ. ಇವತ್ತಿನ ಕ್ಲಾಸಿನಲ್ಲಿ ಅದೇ ಆಯಿತು.

ಕ್ಲೋರೈಡ್ ಎಂದರೆ ಉಪ್ಪಿನ ಅರ್ಧ. ಅದು ದಾಟುವ ಒಂದು ಬಾಗಿಲು ಬೆವರಿನ ಕೊಳವೆಯಲ್ಲಿ, ಶ್ವಾಸಕೋಶದಲ್ಲಿ, ಜೀರ್ಣದ ರಸ ಬರುವ ದಾರಿಯಲ್ಲಿ ಇರುತ್ತದೆ. ಕೆಲವು ಮಕ್ಕಳಿಗೆ ಅದರ ನಕ್ಷೆಯಲ್ಲೇ ಸಣ್ಣ ತಪ್ಪು. ಬಹಳ ಮಟ್ಟಿಗೆ ಹೀಗಾಗುತ್ತದೆ: ಕೋಶ ಬಾಗಿಲನ್ನು ಮಾಡುತ್ತದೆ, ಅದು ಸ್ವಲ್ಪ ವಾರೆ ಮಡಿಚಿಕೊಳ್ಳುತ್ತದೆ, ಕೋಶ ಅಪ್ಪನ ಹಾಗೆ ಕಟ್ಟುನಿಟ್ಟು, ಪೊರೆಯವರೆಗೆ ಕಳಿಸದೆ ಒಳಗೇ ಒಡೆದುಹಾಕುತ್ತದೆ. ಬೆವರಿನಿಂದ ಉಪ್ಪು ವಾಪಸು ಒಳಗೆ ಬರಬೇಕು, ಬಾಗಿಲಿಲ್ಲ, ಹೊರಗೇ ಉಳಿಯುತ್ತದೆ. ಶ್ವಾಸಕೋಶದಲ್ಲಿ ಕಫ ಅಂಟಾಗುತ್ತದೆ. ಜೀರ್ಣದ ರಸದ ದಾರಿ ಕಟ್ಟಿಕೊಂಡು, ತಿಂದ ಜಿಡ್ಡು ಹಾಗೇ ಹೊರಬೀಳುತ್ತದೆ. ಎಷ್ಟು ತಿಂದರೂ ತೂಕ ಏರುವುದಿಲ್ಲ.

ಮೇಡಂ ಇದನ್ನು ಹೇಳುತ್ತ, ಕೆಲವು ದೇಶಗಳಲ್ಲಿ ಹಳೆಯ ಕಾಲದ ಜನ ಮಗುವಿನ ಹಣೆಗೆ ಮುತ್ತಿಟ್ಟು ಉಪ್ಪಾಗಿದ್ದರೆ ಹೆದರುತ್ತಿದ್ದರು ಎಂದರು. ನಾನು ಪೆನ್ನು ಕೆಳಗಿಟ್ಟೆ. ಪಕ್ಕದವಳು "ಬರ್ಕೊಳೇ, ಪರೀಕ್ಷೆಗೆ ಬರುತ್ತೆ" ಎಂದು ಮೊಣಕೈಯಲ್ಲಿ ತಿವಿದಳು.

ಕೆಮ್ಮು, ಜಿಡ್ಡು, ತೂಕ, ಹಣೆ. ನಾಲ್ಕೂ ನಿನ್ನ ಕಾಗದದಲ್ಲಿವೆ. ಕಾಗದ ತೆಗೆದು ಎರಡು ಸಲ ಓದಿದೆ.

ಕ್ಲಾಸು ಮುಗಿದ ಮೇಲೆ ಮೇಡಂ ಹಿಂದೆ ಹೋದೆ. ಮೆಟ್ಟಿಲವರೆಗೆ ಹೋಗಿ ನಿಂತುಬಿಟ್ಟೆ. ಏನೆಂದು ಕೇಳಲಿ? ಸುತ್ತಿಗೆ ಡಾಕ್ಟರು ಇನ್ನೊಂದು ಕಂಡುಹಿಡಿದಿದ್ದಾರೆ ಎಂದೇ? ಇದು ಎಲ್ಲೆಡೆ ಕಾಣುವ ಕಾಯಿಲೆಯಲ್ಲ. ಮಕ್ಕಳು ಬೆವರುತ್ತವೆ, ಕೆಮ್ಮುತ್ತವೆ. ತಪ್ಪಾದರೆ ನೀನು ಹೆದರಿ ಸಾಯುತ್ತೀಯ, ಭಾವ ರಜೆ ಹಾಕುತ್ತಾರೆ, ಅಮ್ಮ ಒಂದು ತಿಂಗಳು ನನ್ನ ಜೊತೆ ಮಾತಾಡುವುದಿಲ್ಲ. ಸರಿಯಾದರೆ? ಅದು ಇನ್ನೂ ಕೆಟ್ಟದ್ದು. ಇದು ಹೋಗುವ ಕಾಯಿಲೆಯೂ ಅಲ್ಲ.

ಈ ಕಾಗದ ನಾಳೆ ಡಬ್ಬಿಗೆ ಹಾಕುತ್ತೇನೆ. ಇಲ್ಲ, ಪುಸ್ತಕದೊಳಗೇ ಇರಲಿ. ಇನ್ನೊಂದು ಸಲ ಓದಿಕೊಂಡು, ಖಾತ್ರಿ ಮಾಡಿಕೊಂಡು ಆಮೇಲೆ.

ಪಿಟೀಲು

ಮಾರ್ಚ್ ೭

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಮುಂದಿನ ವಾರ ಇಂಟರ್ನಲ್ಸ್ ಪರೀಕ್ಷೆ, ಅದಕ್ಕೇ ಚಿಕ್ಕ ಕಾಗದ. ಅಪ್ಪನಿಗೆ ಹೇಳು, ಅವರ ವಾರೆ ಬಾಗಿಲು ಪುಸ್ತಕದಲ್ಲಿದೆ.

ಬಟಾಣಿಯ ತೂಕ ಈಗ ಎಷ್ಟು? ಹುಟ್ಟಿದಾಗ ಎಷ್ಟಿತ್ತು? ದೊಡ್ಡ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಿದರೆ ಒಳ್ಳೆಯದೇನೋ. ಸುಮ್ಮನೆ ಹೇಳಿದೆ.

ಪಿಟೀಲು

ಮಾರ್ಚ್ ೨೪

ಪಿಟೀಲು,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಾಳೆ ಮನೆಗೆ ಕಳಿಸುತ್ತಾರೆ.

ಹೋದ ವಾರದಿಂದ ಬಿಸಿಲು ವಿಪರೀತ. ತಗಡಿನ ಮಾಡು, ಕೆಳಗೆ ಅಂಟು ಕಾಯಿಸುವ ಒಲೆ, ಮನೆಯೊಳಗೆ ಇರುವುದಕ್ಕೆ ಆಗುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಬಟಾಣಿ ಒದ್ದೆ ಬಟ್ಟೆಯ ಹಾಗೆ ಹೆಗಲ ಮೇಲೆ ಜೋತುಬಿದ್ದ. ಕರೆದರೆ ಕಣ್ಣು ಬಿಡುವುದು, ಮುಚ್ಚುವುದು. ಅಳಲಿಲ್ಲ ಕಣೇ, ಅದೇ ನನಗೆ ಹೆದರಿಕೆಯಾದದ್ದು. ಅಪ್ಪ ಕೈಗಾಡಿಯ ಮೇಲಿನ ಹಲಗೆ ಉರುಳಿಸಿ, ನಮ್ಮಿಬ್ಬರನ್ನೂ ಅದರಲ್ಲೇ ಕೂರಿಸಿಕೊಂಡು ತಳ್ಳಿಕೊಂಡು ಬಂದರು. ಆ ವಯಸ್ಸಿನಲ್ಲಿ, ಆ ಬಿಸಿಲಲ್ಲಿ, ಚಪ್ಪಲಿ ಕೂಡ ಇಲ್ಲ.

ಮೈಯಲ್ಲಿ ಉಪ್ಪು ತೀರ ಇಳಿದುಹೋಗಿದೆ ಅಂದರು. ಡ್ರಿಪ್ ಹಾಕಿದ್ದಾರೆ. "ಇಷ್ಟು ಸಣ್ಣ ಮಗುವಿಗೆ ಬರೀ ಸೆಖೆಗೆ ಇಷ್ಟು ಇಳಿಯಬಾರದಲ್ಲ" ಅಂತ ಒಬ್ಬ ಡಾಕ್ಟರಮ್ಮ ತನಗೆ ತಾನೇ ಹೇಳಿಕೊಂಡರು. ಆಮೇಲೆ ಬೇರೆ ಮಗು ಬಂತು, ಅಲ್ಲಿಗೆ ಓಡಿದರು.

ನೀನು ಹೋದ ಸಲ ತೂಕ ಕೇಳಿದೆ. ಈ ಗಲಾಟೆಗೆ ಮುಂಚಿನ ಭಾನುವಾರ ಫೋನಿನಲ್ಲೂ ಮೊದಲು ಅದನ್ನೇ ಕೇಳಿದೆ. ಅದರ ಮೊದಲಿನ ಭಾನುವಾರವೂ. ಪಕ್ಕದಲ್ಲಿ ಅಮ್ಮ ಇದ್ದಳು ಅಂತ ನಾನು ಯಾಕೆ ಅಂತ ಕೇಳಲಿಲ್ಲ. ನಿನ್ನ ಬಾಯಲ್ಲಿ ಏನೋ ಇದೆ. "ಊಟ ಚೆನ್ನಾಗಿದೆ" ಅಂತ ಬರೆದಾಗಲೇ ನನಗೆ ಅನುಮಾನ ಬಂತು. ನಗುತ್ತೇವೆ ಅಂತ ಹೆದರಬೇಡ. ನಗುವ ಸ್ಥಿತಿಯಲ್ಲಿ ಇಲ್ಲಿ ಯಾರೂ ಇಲ್ಲ. ಹೇಳು.

ಅಕ್ಕ

ಮಾರ್ಚ್ ೨೭

ಅಕ್ಕಾ,

ಇದರ ಜೊತೆ ಮಡಿಚಿಟ್ಟಿರುವ ಕಾಗದ ಮಾರ್ಚ್ ಆರನೇ ತಾರೀಖಿನದು. ಮೊದಲು ಅದನ್ನು ಓದು. ಆಮೇಲೆ ಇದು.

ಇವತ್ತು ಬೆಳಿಗ್ಗೆ ನಿನ್ನ ಕಾಗದ ಬಂತು. ಕೈಯಲ್ಲಿ ಹಿಡಿದುಕೊಂಡೇ ಮೇಡಂ ಕೋಣೆಗೆ ಹೋದೆ. ಈ ಸಲ ಮೆಟ್ಟಿಲಲ್ಲಿ ನಿಲ್ಲಲಿಲ್ಲ. ಅವರು ಅದನ್ನೂ ನಿನ್ನ ಜನವರಿಯ ಕಾಗದವನ್ನೂ ಓದಿದರು. ನಗಲಿಲ್ಲ. "ಬರೆದಿರೋದು ಯಾರು?" ಎಂದರು. ಅಕ್ಕ, ಹತ್ತನೇ ಕ್ಲಾಸು ಓದಿದ್ದಾಳೆ ಎಂದೆ. "ನಿಮ್ಮ ಕ್ಲಾಸಲ್ಲಿ ಇಷ್ಟು ಚೆನ್ನಾಗಿ ಕೇಸ್ ಬರೆಯೋರು ಒಬ್ಬರೂ ಇಲ್ಲ" ಎಂದರು. ಆಮೇಲೆ, "ಇದು ಅದೇ ಅಂತ ನಾನು ಹೇಳೋದಿಲ್ಲ. ನೀನೂ ಹೇಳಬೇಡ. ಬೆವರಿನ ಪರೀಕ್ಷೆ ಆಗಲೇಬೇಕು ಅಂತ ಮಾತ್ರ ಹೇಳು. ಇವತ್ತೇ ಬರೆ" ಎಂದರು. ಭಾನುವಾರದ ಫೋನಿಗೆ ಕಾಯುವಂತಿಲ್ಲ, ಆಸ್ಪತ್ರೆಯಲ್ಲಿ ತೋರಿಸುವುದಕ್ಕೆ ಅವರ ಚೀಟಿ ಒಳಗಿದೆ. ಎಲ್ಲಿ ಮಾಡುತ್ತಾರೆ ಎಂದೂ ಬರೆದಿದ್ದಾರೆ. ನೋವಿಲ್ಲ, ಸೂಜಿಯಿಲ್ಲ, ತೋಳಿನ ಮೇಲೆ ಸಣ್ಣ ಪಟ್ಟಿ ಕಟ್ಟಿ ಬೆವರು ಹಿಡಿದು ಅದರಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಅಳೆಯುತ್ತಾರೆ. ಅಲ್ಲಿಯವರೆಗೆ ಬಿಸಿಲಿಗೆ ಬಿಡಬೇಡ. ಉಪ್ಪು ಎಷ್ಟು ಕೊಡಬೇಕೆಂದು ಆ ಡಾಕ್ಟರಮ್ಮನನ್ನೇ ಕೇಳು, ಅಂದಾಜಿನಲ್ಲಿ ಕೊಡಬೇಡ.

ಇಪ್ಪತ್ತೊಂದು ದಿನ ನಾನು ಇದನ್ನು ಪುಸ್ತಕದಲ್ಲಿಟ್ಟುಕೊಂಡಿದ್ದೆ. ಏನೆಂದು ಬರೆಯಲಿ?

ಒಂದು ಮಾತು ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ. ಸ್ಕೂಲಿಗೆ ಬಿಟ್ಟ ದಿನ ಗೇಟಿನ ಹತ್ತಿರ ನೀನು ಹೇಳಿದ್ದು ನೆನಪಿದೆಯಾ? "ಕಾಗದ ಅವರು ಓದ್ತಾರೆ, ಸ್ಟಾಂಪು ಓದಲ್ಲ. ಇರೋಕಾಗದೆ ಇದ್ರೆ ಸ್ಟಾಂಪು ತಲೆಕೆಳಗೆ ಅಂಟಿಸು, ನಾನು ಬರ್ತೀನಿ." ಎಂಟನೇ ಕ್ಲಾಸಿನಲ್ಲಿ ಮೂರು ಸಲ ಅಂಟಿಸಿದೆ. ಮೂರು ಶನಿವಾರ ಗೇಟಿನ ಕಟ್ಟೆಯ ಮೇಲೆ ಕೂತೆ. ಯಾರೂ ಬರಲಿಲ್ಲ. ಆಮೇಲೆ ನಾನು ಯಾರಿಗೂ ಏನನ್ನೂ ಕೂಡಲೇ ಹೇಳುವುದನ್ನು ಬಿಟ್ಟೆ. ಇದು ಸಬೂಬು ಅಲ್ಲ. ಇಪ್ಪತ್ತೊಂದು ದಿನಕ್ಕೆ ಸಬೂಬು ಇಲ್ಲ.

ಇವತ್ತೂ ಹಾಗೇ ಅಂಟಿಸುತ್ತಿದ್ದೇನೆ.

ಪಿಟೀಲು

ಏಪ್ರಿಲ್ ೧೪

ಪಿಟೀಲು,

ಬೆವರಿನ ಪರೀಕ್ಷೆ ಎರಡು ಸಲ ಮಾಡಿದರು. ಅರವತ್ತು ದಾಟಿದರೆ ಕಾಯಿಲೆ ಎನ್ನುತ್ತಾರೆ. ಮೊದಲ ಸಲ ನೂರಾನಾಲ್ಕು, ಎರಡನೇ ಸಲ ನೂರಾಏಳು. ನೀನು ಬರೆದದ್ದೇ.

ನಾಲ್ಕು ದಿನ ನಿನ್ನ ಮೇಲೆ ಕೋಪ ಇತ್ತು. ಸುಳ್ಳು ಹೇಳುವುದಿಲ್ಲ. ಇಪ್ಪತ್ತೊಂದು ದಿನ ಅಂತ ಎದ್ದರೂ ಕೂತರೂ ಅದೇ. ಆ ಶುಕ್ರವಾರ ಆಗದೆ ಇರಬಹುದಿತ್ತು ಅಂತ. ನಿನ್ನ ಭಾವನಿಗೆ ಹೇಳಿದೆ. ಅವರು ಟಿಕೆಟ್ ಯಂತ್ರ ಒರೆಸುತ್ತ ಕೂತಿದ್ದವರು, "ಅವಳು ಇಪ್ಪತ್ತೊಂದು ದಿನ. ನಾನು ಒಂಬತ್ತು ತಿಂಗಳು ಮುತ್ತಿಟ್ಟು ನಕ್ಕಿದ್ದೀನಿ" ಅಂದರು.

ಈಗ ಸ್ಟಾಂಪಿನ ವಿಷಯ. ನಿನ್ನ ಕಾಗದ ಮುಗಿಸಿದ ತಕ್ಷಣ ಕೆಳಗೆ ಇಳಿದು "ಅಪ್ಪಾ, ಕವರು ಎಲ್ಲಿ?" ಅಂದೆ. ಅವರು ಆಗಲೇ ಅದರ ಹಿಂದೆ ಕಿಟಕಿಯ ಅಳತೆ ಬರೆದು ಮೊಳೆಗೆ ಚುಚ್ಚಿದ್ದರು. ತೆಗೆದು ನೋಡಿದೆ, ತಲೆಕೆಳಗೆ. ಪೂರ್ತಿ ಗೊಂಚಲನ್ನು ಕೆಳಗಿಳಿಸಿ ನೆಲದ ಮೇಲೆ ಹರಡಿದೆ. ಎಂಟು ವರ್ಷದ ಕವರುಗಳು. ಎಲ್ಲದರ ಮಧ್ಯೆ ಮೊಳೆ ತೂತು, ಹಿಂದೆ ಪೆನ್ಸಿಲಿನಲ್ಲಿ ಯಾರ ಯಾರದೋ ಬಾಗಿಲು. ಸ್ಟಾಂಪು ತಲೆಕೆಳಗಿದ್ದ ಹಳೆಯವು ಮೂರು ಸಿಕ್ಕವು. ಒಂದರ ಹಿಂದೆ ನಮ್ಮದೇ ಅಡುಗೆಮನೆ ಬಾಗಿಲಿನ ಅಳತೆ ಇತ್ತು.

ನನ್ನ ಕೈಗೆ ಕಾಗದ ಮಾತ್ರ ಬರುತ್ತಿತ್ತು. ಕವರು ಒಂದು ದಿನವೂ ಬರಲಿಲ್ಲ. ಗುರುತು ಹೇಳಿಕೊಟ್ಟವಳು ನಾನು, ಅದನ್ನು ನೋಡುವವರು ಯಾರು ಅಂತ ಯೋಚಿಸಲಿಲ್ಲ. ಅಪ್ಪನಿಗೆ ಹೇಳಿರಲೂ ಇಲ್ಲ. ನೀನು ಚೆನ್ನಾಗಿದ್ದೀಯ ಅಂತ ನಂಬಿ, ಇಂಗ್ಲಿಷ್ ಸ್ಕೂಲು ಸಿಕ್ಕಿದ ಮೇಲೆ ನಾವು ನಿನಗೆ ಬೇಕಾಗಿಲ್ಲ ಅಂತ ನಾನು ಇಷ್ಟು ವರ್ಷ ಮುಖ ಊದಿಸಿಕೊಂಡಿದ್ದೆ.

ಅಪ್ಪ ಆ ಮೂರು ಕವರು ಕೈಗೆ ತೆಗೆದುಕೊಂಡರು. "ನಾನು ಹರಿದೆನಲ್ಲೇ" ಅಂದರು. ಅಷ್ಟೇ.

ನನಗೆ ಒಂದು ಪ್ರಶ್ನೆ ಇದೆ. ನಾನು ಬಸುರಿಯಾಗಿದ್ದಾಗ ದಿನವಿಡೀ ಹೊಲಿಗೆ ಮೆಷಿನ್ನಿನ ಮೇಲೆ ಕೂತಿದ್ದೆ. ಅದಕ್ಕೇ ಹೀಗಾಯಿತಾ? ಅಮ್ಮ ಒಮ್ಮೆ ಅಂದಳು. ಆಮೇಲೆ ಅನ್ನಲಿಲ್ಲ, ಆದರೆ ಅಂದಳು.

ಅಕ್ಕ

ಏಪ್ರಿಲ್ ೨೦

ಅಕ್ಕಾ,

ಇಲ್ಲ. ಇಲ್ಲ, ಇಲ್ಲ. ಈ ಒಂದು ವಿಷಯದಲ್ಲಿ ನನಗೆ ಸುತ್ತಿಗೆಯ ಅನುಮಾನವಿಲ್ಲ. ಮೇಡಂ ಬಳಿ ಹೋಗಿ ಮತ್ತೆ ಕೇಳಿಕೊಂಡು ಬಂದು ಬರೆಯುತ್ತಿದ್ದೇನೆ.

ಪ್ರತಿಯೊಬ್ಬರಲ್ಲೂ ಈ ಬಾಗಿಲಿನ ನಕ್ಷೆ ಎರಡಿರುತ್ತವೆ. ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ನಿನ್ನದರಲ್ಲಿ ಒಂದು ಸರಿ, ಒಂದು ತಪ್ಪು. ಭಾವನದೂ ಹಾಗೇ. ಒಂದು ಸರಿಯಿದ್ದರೆ ಸಾಕು, ಬಾಗಿಲು ತಯಾರಾಗುತ್ತದೆ, ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಬಟಾಣಿಗೆ ಇಬ್ಬರದೂ ತಪ್ಪಿರುವುದು ಸಿಕ್ಕಿತು. ಕಣ್ಣುಮುಚ್ಚಿ ಎತ್ತಿದ ಚೀಟಿಯ ಹಾಗೆ. ಹೊಲಿಗೆ ಮೆಷಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ನಿನ್ನ ತಪ್ಪಾಗಿದ್ದರೆ ಅಮ್ಮನ ತಪ್ಪೂ ಹೌದು, ಅಜ್ಜಿಯ ತಪ್ಪೂ ಹೌದು, ಹೀಗೆ ಹೆಸರು ಗೊತ್ತಿಲ್ಲದವರವರೆಗೆ ಹೋಗಬೇಕಾಗುತ್ತದೆ. ನನ್ನಲ್ಲೂ ಒಂದು ಇರಬಹುದು. ಇದನ್ನು ಅಮ್ಮನಿಗೆ ಓದಿ ಹೇಳು, ಜೋರಾಗಿ.

ಕವರುಗಳ ವಿಷಯ ಓದಿ ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ರೂಂಮೇಟ್ "ಯಾರು ಹೋದರು?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ನಿನಗೆ ಗೊತ್ತಿದ್ದೂ ಬರಲಿಲ್ಲ ಎಂದು ಆರು ವರ್ಷ ಅಂದುಕೊಂಡಿದ್ದೆ ಅಕ್ಕಾ. ಬೇರೆ ಥರ ಆಗಿರಬಹುದು ಎಂದು ಒಂದು ಸಲವಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಪ್ಪನಿಗೆ ಹೇಳು, ಮೂರನೇ ಶನಿವಾರದ ಮೇಲೆ ನನಗೆ ಅಲ್ಲೊಬ್ಬಳು ಗೆಳತಿ ಸಿಕ್ಕಳು. ಅದು ನಿಜ.

ನಿನ್ನ
ಪಿಟೀಲು

ಮೇ ೯

ಪಿಟೀಲು,

ಅಮ್ಮನಿಗೆ ಜೋರಾಗಿ ಓದಿದೆ. ಕೇಳಿ, "ನನ್ನ ಅಮ್ಮನ್ನೂ ಇದಕ್ಕೆ ಸೇರಿಸಿಬಿಟ್ಟಳಾ ಇವಳು?" ಅಂದಳು. ಆಮೇಲೆ ಎದ್ದು ಹೋಗಿ ಬಟಾಣಿಯ ಬಟ್ಟೆಯೆಲ್ಲ ತಾನೇ ಒಗೆದಳು.

ನಮ್ಮ ದಿನ ಹೀಗಿದೆ. ಪ್ರತಿ ಊಟಕ್ಕೂ ಮೊದಲು ಒಂದು ಪುಡಿ, ಜೀರ್ಣದ ರಸದ ಬದಲಿಗೆ. ಒಂದು ಚಮಚ ಹಣ್ಣಿನ ತಿರುಳಿನಲ್ಲಿ ಕಲೆಸಿ ಕೊಡಬೇಕು. ಅಳತೆ ಮಾಡಿದ ಉಪ್ಪು. ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ ಬೆನ್ನು, ಎದೆ, ಪಕ್ಕೆ ತಟ್ಟಬೇಕು, ಅಂಗೈ ಬಟ್ಟಲಿನ ಹಾಗೆ ಮಾಡಿಕೊಂಡು. ಕಫ ಸಡಿಲವಾಗುವುದಕ್ಕೆ. ಮೊದಲು ನನ್ನ ಕೈ ಏಳುತ್ತಿರಲಿಲ್ಲ, ಮಗುವಿಗೆ ಹೊಡೆದ ಹಾಗೆ ಅನ್ನಿಸುತ್ತಿತ್ತು. ಈಗ ಅವನು ತಟ್ಟುವಾಗ "ಆ" ಅಂತ ರಾಗ ಎಳೆಯುತ್ತಾನೆ, ದನಿ ತುಂಡು ತುಂಡಾಗಿ ಬರುತ್ತದೆ, ಅದು ಅವನಿಗೆ ಆಟ. ಅಪ್ಪ "ಇನ್ನೊಂದು ಪಿಟೀಲು" ಅನ್ನುತ್ತಾರೆ. ತೂಕ ಮುನ್ನೂರು ಗ್ರಾಂ ಏರಿದೆ.

ಹೊಸ ಮಾತ್ರೆಗಳು ಬಂದಿವೆಯಂತೆ, ವಾರೆ ಬಾಗಿಲನ್ನು ನೆಟ್ಟಗೆ ಮಾಡಿ ಪೊರೆಯವರೆಗೆ ಕಳಿಸುವಂಥವು. ಇವನ ಥರದ ತಪ್ಪಿಗೆ ಆಗುತ್ತದೋ, ಯಾವಾಗ ಸಿಗುತ್ತದೋ, ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮ "ಕಾಯೋಣ" ಅಂದರು. ಇದನ್ನು ಅಪ್ಪನಿಗೆ ಹೇಳಿದೆ. ಮೊನ್ನೆ ಕೂಲಿಯವನು ಮಾಡಿದ ಬಾಗಿಲೊಂದು ವಾರೆ ಬಂತು. ಅಪ್ಪ ಕೊಡಲಿ ತಗೊಂಡರು, ಇಟ್ಟರು. ಎರಡು ದಿನ ಕೀಸಿ, ಒಂದು ಕಡೆ ಪಟ್ಟಿ ಹೊಡೆದು, ನಮ್ಮ ಬಚ್ಚಲುಮನೆಗೆ ಕೂರಿಸಿದ್ದಾರೆ. ಮುಚ್ಚುವಾಗ ಸ್ವಲ್ಪ ಎತ್ತಿ ತಳ್ಳಬೇಕು. ಮುಚ್ಚುತ್ತದೆ.

ನಿನ್ನ ಭಾವನ ಬಸ್ಸಿನ ರೂಟು ಬದಲಾಯಿತು, ಈಗ ವಾರಕ್ಕೆ ಐದು ದಿನ ಹೊರಗೆ. ಅಮ್ಮನ ಮಣಿಕಟ್ಟು ಊದಿಕೊಂಡಿದೆ, ತಟ್ಟುವುದಕ್ಕೆ ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ.

ಅಕ್ಕ

ಮೇ ೧೨

ಅಕ್ಕಾ,

ನಿನ್ನ ಕಾಗದವನ್ನು ಆಮೇಲೆ ಓದಿದೆ. ಮೊದಲು ಕವರು ನೋಡಿದೆ.

ವಾರ್ಡನ್ ಹತ್ತಿರ ರಜೆ ಚೀಟಿಯನ್ನೂ ನಿನ್ನ ಕಾಗದವನ್ನೂ ಹಿಡಿದುಕೊಂಡು ಹೋದೆ. "ಮನೇಲಿ ಏನಾಗಿದೆ? ಕಾಗದದಲ್ಲಿ ಎಲ್ಲ ಚೆನ್ನಾಗಿದೆ ಅಂತ ಇದೆಯಲ್ಲ?" ಎಂದರು. ತಲೆಕೆಳಗಿನ ಸ್ಟಾಂಪು ತೋರಿಸಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಸಹಿ ಹಾಕುವವರೆಗೂ.

ಪರೀಕ್ಷೆಗೆ ಹದಿನೆಂಟು ದಿನ ಇದೆ. ಪುಸ್ತಕ ತರುತ್ತೇನೆ. ಬೆಳಗಿನ ತಟ್ಟುವಿಕೆ ನನ್ನದು, ಸಂಜೆಯದು ನಿನ್ನದು, ನಡುವೆ ನೀನು ಮಲಗು. ಅಂಗೈ ಬಟ್ಟಲಿನ ಹಾಗೆ ಮಾಡಿ ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ, ರೂಂಮೇಟ್ ಕಿವಿ ಮುಚ್ಚಿಕೊಂಡಿದ್ದಾಳೆ.

ನಾಳೆ ಬೆಳಗಿನ ಬಸ್ಸು. ಈ ಕಾಗದಕ್ಕಿಂತ ಮೊದಲು ನಾನೇ ಬಂದಿರುತ್ತೇನೆ, ಆದ್ದರಿಂದ ಇದನ್ನು ಡಬ್ಬಿಗೆ ಹಾಕದೆ ಕೈಯಲ್ಲೇ ತರುತ್ತಿದ್ದೇನೆ. ಖಾಲಿ ಕವರು ಅಪ್ಪನಿಗೆ, ಅಳತೆ ಬರೆದುಕೊಳ್ಳಲಿ.

ನಿನ್ನ
ಪಿಟೀಲು